ಮಕ್ಕಳ ಪುಸ್ತಕಕ್ಕೆ ಪುಟ್ಟ ಚಿತ್ರಗಳು: ಬಿಡಿಸುವುದು, ಪ್ರಕಾಶಕರಿಗೆ ತಲುಪಿಸುವುದು

ಕನ್ನಡದ ಯಾವ ಮಕ್ಕಳ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು ಮುದ್ರಣದ ವಿವರವಿರುವ ಪುಟವನ್ನು. ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿತೋ ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಮೊದಲನೆಯದು ಪುಟದ ಅಳತೆ; ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂಗಳಲ್ಲಿ; ಮ್ಯಾಪ್‌ಲಿತೋ ನುಣುಪು ಲೇಪವಿಲ್ಲದ ಮುದ್ರಣ ಕಾಗದ. ಚಿತ್ರ ಹೇಗಿರಬೇಕೆಂಬುದು ಅಲ್ಲೇ ಅರ್ಧ ತೀರ್ಮಾನವಾಗುತ್ತದೆ. ಡೆಮಿ 1/8 ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಂಚು ಬಿಟ್ಟರೆ ಅಕ್ಷರಕ್ಕೂ ಚಿತ್ರಕ್ಕೂ ಸೇರಿ ಉಳಿಯುವುದು ಹತ್ತೂವರೆ ಸೆಂಟಿಮೀಟರ್ ಆಸುಪಾಸು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು (ಅಚ್ಚಿನ ತಗಡು), ಮೇಲೆ ಒಳ್ಳೆಯ ಕಾಗದ; ಖರ್ಚು ಏರುತ್ತದೆ. ಹಾಗಾಗಿ ಕಥೆ, ಪದ್ಯಗಳ ಸಂಕಲನಕ್ಕೆ ಕಪ್ಪು-ಬಿಳುಪಿನ ಪುಟ್ಟ ಚಿತ್ರಗಳನ್ನೇ ಕೇಳುವ ಪ್ರಕಾಶಕರು ನಮ್ಮಲ್ಲಿ ಬಹಳ. ಹೊಸಬರು ಈ ಕೆಲಸವನ್ನು ಹಗುರವಾಗಿ ಕಾಣಬಾರದು. ಪುಟ ತುಂಬುವ ಚಿತ್ರಕ್ಕಿಂತ ಇದಕ್ಕೇ ಹೆಚ್ಚು ಲೆಕ್ಕಾಚಾರ ಬೇಕು.

ಐದು ಸೆಂಟಿಮೀಟರಿನ ಚಿತ್ರವನ್ನು ಒಂದೂವರೆ ಪಟ್ಟು, ಅಂದರೆ ಏಳೂವರೆ ಸೆಂಟಿಮೀಟರಿಗೆ ಬಿಡಿಸುತ್ತೇನೆ. ಶೇಕಡಾ 67ಕ್ಕೆ ಇಳಿಸಿದಾಗ ಗೆರೆಯ ಸಣ್ಣಪುಟ್ಟ ನಡುಕ ಮರೆಯಾಗುತ್ತದೆ. ಮೂರು ಪಟ್ಟು ಬಿಡಿಸಿ ಇಳಿಸಿದರೆ ಒತ್ತೊತ್ತಾಗಿ ಎಳೆದ ನೆರಳಿನ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮಚ್ಚೆಯಾಗುತ್ತವೆ. ಮ್ಯಾಪ್‌ಲಿತೋ ಶಾಯಿ ಹೀರುವ ಕಾಗದವಾದ್ದರಿಂದ ಗೆರೆ ಇನ್ನಷ್ಟು ದಪ್ಪವಾಗುತ್ತದೆ. ಬಿಡಿಸುವಾಗಲೇ ನೆರಳಿನ ಗೆರೆಗಳ ನಡುವೆ ಒಂದು ಮಿಲಿಮೀಟರ್ ಜಾಗ ಇರಲಿ. ಹೊರಗೆರೆಗೆ ಮೈಕ್ರಾನ್ 05 ಪೆನ್ನು ಸರಿ. ಅದರ ಗೆರೆ 0.45 ಮಿ.ಮೀ., ಇಳಿಸಿದ ಮೇಲೆ 0.3. ಒಳಗಿನ ವಿವರಕ್ಕೆ 01, ಅದು 0.25 ಇದ್ದದ್ದು 0.17ಕ್ಕೆ ಬರುತ್ತದೆ. ಅದಕ್ಕಿಂತ ತೆಳುವಾದರೆ ಅಚ್ಚಿನಲ್ಲಿ ಗೆರೆ ತುಂಡಾಗುತ್ತದೆ. ಒಂದು ಪುಸ್ತಕದ ಎಲ್ಲ ಚಿತ್ರಗಳನ್ನೂ ಒಂದೇ ಪಟ್ಟಿನಲ್ಲಿ ಬಿಡಿಸಬೇಕು. ಒಂದನ್ನು ಒಂದೂವರೆ ಪಟ್ಟು, ಇನ್ನೊಂದನ್ನು ಎರಡು ಪಟ್ಟು ಬಿಡಿಸಿದರೆ ಗೆರೆಯ ದಪ್ಪ ಪುಟದಿಂದ ಪುಟಕ್ಕೆ ಬದಲಾಗಿ, ಎರಡು ಕೈಗಳು ಬಿಡಿಸಿದ ಹಾಗೆ ಕಾಣುತ್ತದೆ.

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುವ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು ಎಂದಿಟ್ಟುಕೊಳ್ಳಿ. ಅಚ್ಚಾದಾಗ ಅಜ್ಜಿಯ ತಲೆ ಒಂದು ಸೆಂಟಿಮೀಟರೂ ಇರುವುದಿಲ್ಲ. ಅಷ್ಟರಲ್ಲಿ ರೆಪ್ಪೆ, ಕಣ್ಣಗುಡ್ಡೆ ಬಿಡಿಸಹೋದರೆ ಮಸಿ ಮೆತ್ತಿದಂತಾಗುತ್ತದೆ. ಕಣ್ಣಿಗೆ ಎರಡು ಚುಕ್ಕೆ ಸಾಕು. ಭಾವ ಬರಬೇಕಾದ್ದು ಹುಬ್ಬಿನಿಂದ, ಕತ್ತು ಬಾಗಿದ ರೀತಿಯಿಂದ. ರೊಟ್ಟಿಯ ಮೇಲಿನ ಕೈಗೆ ಐದು ಬೆರಳನ್ನೂ ಬಿಡಿಸುವುದಿಲ್ಲ. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಸೇರಿ ಒಂದೇ ಆಕಾರ, ಅದರೊಳಗೆ ಎರಡು ಗೀಟು. ಗೋಡೆಯ ಕ್ಯಾಲೆಂಡರು, ಪಾತ್ರೆಯ ಸಾಲು ಎಲ್ಲ ಬಿಟ್ಟು ಒಲೆ, ಹಂಚು, ಹಿಟ್ಟಿನ ಮುದ್ದೆ ಉಳಿಸಿಕೊಳ್ಳುತ್ತೇನೆ. ಪೆನ್ಸಿಲ್ ಹಂತದಲ್ಲೇ ಶೇಕಡಾ 67ಕ್ಕೆ ಜೆರಾಕ್ಸ್ ಮಾಡಿಸಿ ತೋಳುದ್ದ ದೂರದಲ್ಲಿ ಹಿಡಿದು ನೋಡಬೇಕು. ಯಾರು ಏನು ಮಾಡುತ್ತಿದ್ದಾರೆಂದು ತಕ್ಷಣ ತಿಳಿಯದಿದ್ದರೆ ಇನ್ನೂ ಏನೋ ತೆಗೆಯುವುದಿದೆ ಎಂದರ್ಥ.

ಅಜ್ಜಿಯ ಸೆರಗಿನ ಬಗ್ಗೆ ಒಂದು ಮಾತು. ಪುಟದ ವಿನ್ಯಾಸಕ್ಕೆ ಹೊಂದಲೆಂದು ಡಿಸೈನರ್ ಚಿತ್ರವನ್ನು ಎಡಬಲ ತಿರುಗಿಸಿಬಿಡುವುದುಂಟು. ಆಗ ಎಡ ಭುಜದ ಸೆರಗು ಬಲಕ್ಕೆ ಹೋಗುತ್ತದೆ. ಕೊಡಗಿನ ಉಡುಗೆಯಲ್ಲಿ ಸೆರಗು ಬಲ ಭುಜದ ಮೇಲೆ ಬರುತ್ತದೆ, ಆದರೆ ನೆರಿಗೆ ಹಿಂದಿರುತ್ತದೆ. ತಿರುಗಿಸಿದ ಚಿತ್ರ ಅತ್ತ ಮೈಸೂರಿನದೂ ಅಲ್ಲ, ಇತ್ತ ಕೊಡಗಿನದೂ ಅಲ್ಲ. ಮನೆಗಳೂ ಹಾಗೆಯೇ: ಕರಾವಳಿಯ ಕಥೆಗೆ ಇಳಿಜಾರಿನ ಹೆಂಚಿನ ಮಾಡು, ಬಯಲುಸೀಮೆಯ ಕಥೆಗೆ ಮಣ್ಣಿನ ಮಾಳಿಗೆ. ‘ಚಿತ್ರವನ್ನು ತಿರುಗಿಸಬಾರದು’ ಎಂದು ಪ್ರತಿ ಫೈಲಿನ ಜತೆ ಬರೆದು ಕಳಿಸುವುದು ಕ್ಷೇಮ.

ನೀರುಬಣ್ಣ ಹಚ್ಚುವುದಿದ್ದರೆ ಶಾಯಿ ವಾಟರ್‌ಪ್ರೂಫ್ ಆಗಿರಬೇಕು ಮತ್ತು ಪೂರ್ತಿ ಒಣಗಿರಬೇಕು. ಕಾಗದ 300 ಜಿಎಸ್‌ಎಂ ಇದ್ದರೆ ಸುಕ್ಕಾಗುವುದಿಲ್ಲ. ಗೆರೆಚಿತ್ರವನ್ನು 1200 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಬಣ್ಣದ್ದನ್ನು 600 ಡಿಪಿಐ ಸ್ಕ್ಯಾನ್ ಮಾಡುತ್ತೇನೆ. ಪುಟ್ಟ ಚಿತ್ರ ಹೆಚ್ಚಾಗಿ ಕೆಡುವುದು ಇದರ ಮುಂದಿನ ಹಂತದಲ್ಲಿ. ಕಾಗದದ ಬಿಳುಪು ಸ್ಕ್ಯಾನಿನಲ್ಲಿ ಅಪ್ಪಟ ಬಿಳುಪಾಗಿ ಬರುವುದಿಲ್ಲ, ನಸುಬೂದು ಉಳಿದಿರುತ್ತದೆ. ಪರದೆಯ ಮೇಲೆ ಗೊತ್ತಾಗುವುದಿಲ್ಲ. ಅಚ್ಚಾದಾಗ ಮಾತ್ರ ಚಿತ್ರದ ಸುತ್ತ ಮಸುಕಾದ ಚೌಕ ಎದ್ದು ಕಾಣುತ್ತದೆ. ಚಿತ್ರ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ ಬಿಳುಪನ್ನು ಸರಿಮಾಡಿ, ಮೇಲೊಂದು ತಾತ್ಕಾಲಿಕ ಲೇಯರ್ (ಪದರ) ಹಾಕಿ ಕಾಂಟ್ರಾಸ್ಟ್ ವಿಪರೀತ ಏರಿಸಿ ನೋಡಿ. ಉಳಿದ ಕೊಳೆಯೆಲ್ಲ ಕಾಣುತ್ತದೆ, ಅಳಿಸಬಹುದು.

ಬಣ್ಣದ ಚಿತ್ರದಲ್ಲಿ ಕಪ್ಪು ಗೆರೆ ಕಪ್ಪು ಶಾಯಿಯೊಂದರಲ್ಲೇ ಇರುವಂತೆ ಬೇರೆ ಲೇಯರಿನಲ್ಲಿಡಬೇಕು. ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಿಂದ ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆಗೆ ನೇರ ಬದಲಿಸಿದರೆ ಅದೇ ಗೆರೆ ನಾಲ್ಕು ಶಾಯಿಗೂ ಹಂಚಿಹೋಗುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಕಥೆಯ ಅಕ್ಷರಗಳನ್ನು ಚಿತ್ರದೊಳಗೆ ಬರೆಯಲೇಬಾರದು. ಅಕ್ಷರ ಬೇರೆಯಾಗಿದ್ದರೆ ಇನ್ನೊಂದು ಭಾಷೆಯ ಆವೃತ್ತಿಗೆ ಕಪ್ಪು ಪ್ಲೇಟೊಂದನ್ನು ಬದಲಿಸಿದರೆ ಸಾಕು. ಕನ್ನಡಕ್ಕೆ ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. 18 ಪಾಯಿಂಟ್ ಅಕ್ಷರಕ್ಕೆ 28 ಪಾಯಿಂಟ್ ಸಾಲಂತರ ಇಟ್ಟುಕೊಂಡು, ಕಥೆಯನ್ನು ಪುಟಕ್ಕೆ ಹಾಕಿ ನೋಡಿದ ಮೇಲೆಯೇ ಚಿತ್ರದ ಜಾಗ ಗುರುತಿಸುತ್ತೇನೆ.

ಇನ್ನು ಪ್ರಕಾಶಕರ ವಿಷಯ. ಸಂಪಾದಕರಿಗೆ ಕಳಿಸುವ ಮಾದರಿಗಳಲ್ಲಿ ಹತ್ತು ಹನ್ನೆರಡು ಚಂದದ ಬಿಡಿಚಿತ್ರಗಳಿದ್ದರೆ ಸಾಲದು. ಮೂರನೇ ಪುಟದ ಹುಡುಗಿ ಹದಿನಾಲ್ಕನೇ ಪುಟದಲ್ಲೂ ಅದೇ ಹುಡುಗಿಯಾಗಿ ಕಾಣುವಳೇ ಎಂಬುದೇ ಅವರ ಮುಖ್ಯ ಪ್ರಶ್ನೆ. ಅದಕ್ಕೆ ಒಂದು ಪಾತ್ರವನ್ನು ಎದುರು, ಪಕ್ಕ, ಹಿಂದಿನಿಂದ ತೋರಿಸುವ ಹಾಳೆಯೊಂದು. ಒಂದೇ ಕಥೆಯ ಅನುಕ್ರಮದ ಮೂರು ಜೋಡಿಪುಟ. ಜತೆಗೆ 16 ಪುಟದ ಪೂರ್ತಿ ಕಥೆಯ ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡು. ಕುತೂಹಲ ಬಲಪುಟದಲ್ಲಿ ನಿಂತು, ಉತ್ತರ ಹಾಳೆ ಮಗುಚಿದ ಮೇಲೆ ಸಿಗುವಂತೆ ಆ ಕರಡಿನಲ್ಲೇ ಹೊಂದಿಸಬೇಕು. ಎಲ್ಲವೂ ಸೇರಿ 5 ಎಂಬಿ ಮೀರದ ಒಂದು ಪಿಡಿಎಫ್, ಫಾಂಟ್ ಅದರೊಳಗೇ ಅಡಕ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಹಾಗೇ ಕಳಿಸಿದರೆ ಅಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವ ಸಂಭವವಿದೆ, ಯೂನಿಕೋಡ್‌ಗೆ ಬದಲಿಸಿ. ಮೂಲಚಿತ್ರ ಮನೆಯಲ್ಲೇ ಇರಲಿ.

ಬರೆಯುವವರು ತಾವೇ ಕಲಾವಿದರನ್ನು ಹುಡುಕಿ ಹಣ ಕೊಟ್ಟು ಚಿತ್ರ ಮಾಡಿಸಿ ಕಳಿಸಬೇಕಾಗಿಲ್ಲ. ಚಿತ್ರಪುಸ್ತಕ ಮಾಡುವ ಪ್ರಕಾಶಕರು ಕಥೆ ಒಪ್ಪಿದ ಮೇಲೆ ಸಾಮಾನ್ಯವಾಗಿ ಕಲಾವಿದರನ್ನು ತಾವೇ ಆರಿಸುತ್ತಾರೆ. ಕಳಿಸುವ ಮುನ್ನ ಅವರು ತಂದಿರುವ ಪುಸ್ತಕಗಳ ಪಟ್ಟಿ ನೋಡಿ. ಚೆನ್ನೈನ ತೂಲಿಕಾ ಕನ್ನಡ-ಇಂಗ್ಲಿಷ್ ಜೋಡಿಭಾಷೆಯ ಪುಸ್ತಕ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಹಲವು ಭಾಷೆಗಳಲ್ಲಿ ತರುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಮೊದಲ ಹಂತದ ಕಥೆ 250 ಪದದೊಳಗೆ, ಎರಡನೆಯದು 600ರೊಳಗೆ, ಮೂರನೆಯದು 1500ರೊಳಗೆ. ಅಲ್ಲಿನ ಕಥೆ-ಚಿತ್ರಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುತ್ತದೆ. ನಿಮ್ಮ ಹೆಸರು ಹಾಕಿದರೆ ಬೇರೆಯವರು ಅದನ್ನು ಬಳಸಬಹುದು, ಮಾರಲೂಬಹುದು. ಅದು ಒಪ್ಪಿಗೆಯಾದರೆ ಮಾತ್ರ ಹಾಕಿ. ಪ್ರಕಾಶಕರ ಉತ್ತರಕ್ಕೆ ಮೂರು ತಿಂಗಳು ಕಾದು, ಒಮ್ಮೆ ನೆನಪಿಸಿದರೆ ಸಾಕು. ಒಂದೇ ಕಥೆ ಇಬ್ಬರಿಗೆ ಕಳಿಸಿದ್ದರೆ ಇಬ್ಬರಿಗೂ ತಿಳಿಸಿ.

ಒಪ್ಪಂದವಿಲ್ಲದೆ ಪೆನ್ಸಿಲ್ ಹಿಡಿಯಬಾರದು ಎನ್ನುವುದರಲ್ಲಿ ನಾನು ಗಟ್ಟಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬೇರೊಬ್ಬರು ಮಾಡಿಸಿದ ಪೇಂಟಿಂಗ್‌ನ ಮೊದಲ ಹಕ್ಕುದಾರರು ಮಾಡಿಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಹಕ್ಕು ಕಲಾವಿದರದು, ಪ್ರಕಾಶಕರಿಗೆ ಇಂತಿಷ್ಟು ವರ್ಷ, ಇಂಥ ಭಾಷೆಗಳಲ್ಲಿ ಮುದ್ರಿಸುವ ಅನುಮತಿ ಎಂದು ಬರಹದಲ್ಲಿರಲಿ. ಅವಧಿ ಬರೆಯದ ಹಕ್ಕು ವರ್ಗಾವಣೆಯನ್ನು 19ನೇ ಕಲಮು ಐದು ವರ್ಷವೆಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದು ತಿಳಿಯುತ್ತದೆ. ಗೌರವಧನ ಶೇಕಡಾವಾರು ಆಗಿದ್ದರೆ ಯಾವುದರ ಮೇಲೆ ಎಂದು ಕೇಳಿ. ನೂರು ರೂಪಾಯಿ ಪುಸ್ತಕ, ಮಾರಾಟಗಾರರಿಗೆ ಶೇಕಡಾ 40 ರಿಯಾಯಿತಿ ಎಂದರೆ, ಮುಖಬೆಲೆಯ ಮೇಲಿನ ಶೇಕಡಾ 5 ಐದು ರೂಪಾಯಿ, ಬಂದ ಹಣದ ಮೇಲಾದರೆ ಮೂರೇ ರೂಪಾಯಿ. ಎಷ್ಟು ಸಲ ತಿದ್ದಿಕೊಡುವುದು, ಪುಸ್ತಕ ನಿಂತುಹೋದರೆ ಎಷ್ಟು ಹಣ, ಒಳಚಿತ್ರ ಯಾರದೆಂಬ ಸಾಲು ಯಾವ ಪುಟದಲ್ಲಿ, ಈ ಮೂರನ್ನೂ ಸಹಿಗೆ ಮೊದಲು ಒಪ್ಪಂದದಲ್ಲಿ ಸೇರಿಸಿಕೊಳ್ಳಿ.