ಹದಿಹರೆಯದವರಿಗಾಗಿ ಮನೆಯ ಹಿತ್ತಲಿನಲ್ಲಿ ಪೂಲ್ ಪಾರ್ಟಿ ಏರ್ಪಡಿಸುವ ಬಗೆ

ಹದಿಹರೆಯದ ಮಕ್ಕಳ ಗುಂಪನ್ನು ಮನೆಯ ಈಜುಕೊಳಕ್ಕೆ ಕರೆಯುವ ಹಿರಿಯರಲ್ಲಿ ಕೆಲವರು ಪ್ರತಿ ಆಟದ ಮಧ್ಯೆಯೂ ತಲೆಹಾಕಿ ಕೂಟದ ಕಳೆಯನ್ನೇ ಕೆಡಿಸುತ್ತಾರೆ. ಇನ್ನು ಕೆಲವರು ಮಕ್ಕಳು ದೊಡ್ಡವರಾಗಿದ್ದಾರೆಂದು ನಂಬಿ ಮನೆಯೊಳಗೆ ಹೋಗಿ ಕುಳಿತುಬಿಡುತ್ತಾರೆ. ಎರಡನೆಯದು ಅಪಾಯಕಾರಿ. ಯಾರನ್ನು ಕರೆಯಬೇಕು, ಯಾವ ಹಾಡು ಹಾಕಬೇಕು, ಏನು ತಿನ್ನಬೇಕು, ಯಾವ ಆಟ ಆಡಬೇಕು ಎಂಬುದನ್ನೆಲ್ಲ ಮಕ್ಕಳ ಇಚ್ಛೆಗೇ ಬಿಡಿ. ನೀರಿನ ಕಾವಲನ್ನು ಮಾತ್ರ ಹಿರಿಯರ ಕೈಯಲ್ಲೇ ಇಟ್ಟುಕೊಳ್ಳಿ.

ಆಹ್ವಾನ ಕಳುಹಿಸುವಾಗಲೇ ಆರಂಭದ ಹೊತ್ತನ್ನೂ ಮುಗಿಯುವ ಹೊತ್ತನ್ನೂ ಸ್ಪಷ್ಟವಾಗಿ ಬರೆಯಿರಿ. ಪ್ರತಿ ಮಗುವಿನ ಮನೆಯವರ ಫೋನ್ ಸಂಖ್ಯೆಯನ್ನು ಪಡೆದುಕೊಂಡು, ಮಗುವಿಗೆ ಈಜು ಬರುತ್ತದೆಯೇ, ಅಪಸ್ಮಾರ, ಉಬ್ಬಸ ಅಥವಾ ಅಲರ್ಜಿಯಂತಹ ತೊಂದರೆಗಳಿವೆಯೇ ಎಂದು ಅವರಲ್ಲೇ ಕೇಳಿ. ಈ ಪ್ರಶ್ನೆಯನ್ನು ಗೆಳೆಯರೆಲ್ಲರ ಎದುರಿಗೆ ಮಕ್ಕಳನ್ನೇ ಕೇಳಿದರೆ ನಿಜವಾದ ಉತ್ತರ ಸಿಗುವುದು ಕಷ್ಟ, ಏಕೆಂದರೆ ಹದಿನೈದರ ವಯಸ್ಸಿನಲ್ಲಿ ತನಗೆ ಈಜು ಬಾರದೆಂದು ಒಪ್ಪಿಕೊಳ್ಳುವುದು ಹಲವರಿಗೆ ದೊಡ್ಡ ಮುಜುಗರದ ಸಂಗತಿ. ಈಜು ಬಾರದವರಿಗೆ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಕೊಡಿ ಮತ್ತು ಆಳವಿಲ್ಲದ ಬದಿಯಲ್ಲೇ ಇರುವಂತೆ ಗುಟ್ಟಾಗಿ ತಿಳಿಸಿ. ಗಾಳಿ ತುಂಬಿದ ಟ್ಯೂಬು ಮತ್ತು ತೇಲುಹಾಸಿಗೆಗಳು ಆಟದ ಸಾಮಾನುಗಳೇ ಹೊರತು ಜೀವರಕ್ಷಕ ಸಾಧನಗಳಲ್ಲ.

ನೀರಿನ ಸಿದ್ಧತೆ ಹಿಂದಿನ ದಿನವೇ ಆರಂಭವಾಗಬೇಕು. ಟೆಸ್ಟ್ ಸ್ಟ್ರಿಪ್ (ನೀರಿನ ಗುಣ ತಿಳಿಸುವ ಪರೀಕ್ಷಾ ಪಟ್ಟಿ) ಅದ್ದಿ ನೋಡಿದಾಗ ಪಿಎಚ್, ಅಂದರೆ ನೀರಿನ ಆಮ್ಲೀಯತೆ-ಕ್ಷಾರೀಯತೆಯ ಅಳತೆ, 7.2 ರಿಂದ 7.8 ರೊಳಗೆ ಇರಬೇಕು. ಮುಕ್ತ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್, ಕನಿಷ್ಠ 1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ) ಇರಬೇಕು, ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗದಂತೆ ತಡೆಯುವ ಸಯನ್ಯೂರಿಕ್ ಆಮ್ಲ ಬಳಸುವ ಕೊಳವಾದರೆ ಕನಿಷ್ಠ 2 ಪಿಪಿಎಂ. ಹೆಚ್ಚು ಜನ ಇಳಿದಷ್ಟೂ ಕ್ಲೋರಿನ್ ಬೇಗ ಖರ್ಚಾಗುವುದರಿಂದ ಕೂಟದ ನಡುವೆ ಎಲ್ಲರನ್ನೂ ಮೇಲೆ ಕರೆದಾಗ ಇನ್ನೊಮ್ಮೆ ಪರೀಕ್ಷಿಸಿ. ಕೊಳದ ಬಳಿ ಮೂಗಿಗೆ ಅಡರುವ ಕಟು ವಾಸನೆಯನ್ನು ಶುಚಿತ್ವದ ಗುರುತೆಂದು ಹಲವರು ಭಾವಿಸುತ್ತಾರೆ; ವಾಸ್ತವದಲ್ಲಿ ಅದು ಕ್ಲೋರಿನ್ ಬೆವರು ಮತ್ತು ಮೂತ್ರದೊಡನೆ ಸೇರಿ ಉಂಟಾಗುವ ಕ್ಲೋರಮೈನ್‌ಗಳ ವಾಸನೆ, ಕಣ್ಣು ಕೆಂಪಾಗುವುದಕ್ಕೂ ಅದೇ ಕಾರಣ. ಆದ್ದರಿಂದ ನೀರಿಗಿಳಿಯುವ ಮುನ್ನ ಎಲ್ಲರೂ ಒಂದು ನಿಮಿಷ ಮೈತೊಳೆದುಕೊಳ್ಳಲಿ. ಭೇದಿಯಾಗುತ್ತಿರುವವರು ಇಳಿಯಲೇಬಾರದು, ಏಕೆಂದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿಯೂ ಏಳು ದಿನಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು. ಕೊನೆಯದಾಗಿ, ದಡದಲ್ಲಿ ನಿಂತು ತಳವನ್ನು ನೋಡಿ. ಅತಿ ಆಳದ ಜಾಗದಲ್ಲಿರುವ ನೀರು ಹೊರಹೋಗುವ ಕಂಡಿ ಸ್ಪಷ್ಟವಾಗಿ ಕಾಣದಿದ್ದರೆ, ಅಥವಾ ಅದರ ಮುಚ್ಚಳ ಒಡೆದಿದ್ದರೆ, ಕೂಟವನ್ನು ಮುಂದೂಡಿ. ಕಲಕಿದ ನೀರಿನಲ್ಲಿ ಮುಳುಗಿದವರು ಕಾಣುವುದಿಲ್ಲ, ಒಡೆದ ಮುಚ್ಚಳದ ಸೆಳೆತಕ್ಕೆ ಕೂದಲು ಅಥವಾ ಕೈಕಾಲು ಸಿಕ್ಕಿಕೊಳ್ಳುತ್ತದೆ.

ಇನ್ನು ಕಾವಲಿನ ವಿಚಾರ. ಮುಳುಗುತ್ತಿರುವವರು ಕೈಬೀಸಿ ಸಹಾಯಕ್ಕಾಗಿ ಕೂಗುತ್ತಾರೆ ಎಂಬ ಕಲ್ಪನೆಯನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಉಸಿರಿಗಾಗಿ ಹೆಣಗುತ್ತಿರುವವರಿಗೆ ಕೂಗುವಷ್ಟು ಗಾಳಿ ಇರುವುದಿಲ್ಲ, ಕೈಗಳು ತಮ್ಮಷ್ಟಕ್ಕೆ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ದೇಹ ನೆಟ್ಟಗೆ ನಿಂತಂತೆ ಇರುತ್ತದೆ. ಹತ್ತಾರು ಮಕ್ಕಳು ಗದ್ದಲ ಮಾಡುತ್ತಿರುವಾಗ ಇದೆಲ್ಲ ಒಂದು ನಿಮಿಷದೊಳಗೆ, ಯಾರ ಗಮನಕ್ಕೂ ಬಾರದೆ ನಡೆದುಹೋಗಬಹುದು. ಹಿರಿಯರು ನಾಲ್ವರಿದ್ದರೆ ನಾಲ್ವರೂ ‘ಇನ್ನೊಬ್ಬರು ನೋಡುತ್ತಿದ್ದಾರೆ’ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಆದಕಾರಣ ಒಂದು ಹೊತ್ತಿಗೆ ಒಬ್ಬರ ಹೆಸರನ್ನು ನಿಗದಿಪಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಸರದಿ ಬದಲಾಯಿಸಿ, ಕೊರಳಿಗೆ ಹಾಕಿಕೊಂಡ ಸೀಟಿಯನ್ನು ಒಬ್ಬರಿಂದ ಒಬ್ಬರಿಗೆ ಕೈಗಿಡುವುದನ್ನೇ ಸರದಿಯ ಗುರುತನ್ನಾಗಿ ಮಾಡಿಕೊಳ್ಳಿ. ಸೀಟಿ ಧರಿಸಿದವರು ಫೋನ್ ನೋಡಬಾರದು, ತಿಂಡಿ ಬಡಿಸಬಾರದು, ಹರಟೆಗೆ ಕೂರಬಾರದು. ಅವರಿಗೆ ಈಜು ಬರಬೇಕು. ಸಿಪಿಆರ್ (ಉಸಿರು, ಹೃದಯ ಬಡಿತ ನಿಂತವರಿಗೆ ಕೊಡುವ ತುರ್ತು ಚಿಕಿತ್ಸೆ) ಬಲ್ಲವರೊಬ್ಬರಾದರೂ ಕೂಟದುದ್ದಕ್ಕೂ ಅಲ್ಲಿರಬೇಕು. ಮುಳುಗಿದವರಿಗೆ ಎದೆಯೊತ್ತುವುದರ ಜೊತೆಗೆ ಬಾಯಿಂದ ಉಸಿರು ಕೊಡುವುದೂ ಅಗತ್ಯವಾದ್ದರಿಂದ, ಎದೆಯೊತ್ತುವುದನ್ನಷ್ಟೇ ಕಲಿತಿದ್ದರೆ ಸಾಲದು. ಉದ್ದನೆಯ ಕೋಲು ಮತ್ತು ಹಗ್ಗ ಕಟ್ಟಿದ ತೇಲುಬಳೆ ಕೈಗೆಟುಕುವಂತಿರಲಿ. ಮಕ್ಕಳಿಗೂ ನೀರಿಗೆ ಹಾರುವ ಬದಲು ಅವನ್ನು ಚಾಚಿ ಅಥವಾ ಎಸೆದು ಎಳೆದುಕೊಳ್ಳಬೇಕೆಂದು ಹೇಳಿಕೊಡಿ. ಯಾರಾದರೂ ಕಾಣಿಸದಿದ್ದರೆ ಮನೆಯಲ್ಲಿ ಹುಡುಕುವ ಮೊದಲು ಕೊಳದ ತಳವನ್ನು ನೋಡಿ.

ನಿಯಮಗಳ ಪಟ್ಟಿ ಉದ್ದವಾದಷ್ಟೂ ಅದನ್ನು ಕೇಳುವವರು ಕಡಿಮೆ. ನಾಲ್ಕು ಮಾತುಗಳನ್ನು ಕಾರಣಸಹಿತ ಹೇಳಿದರೆ ಈ ವಯಸ್ಸಿನವರು ಖಂಡಿತ ಅರ್ಥಮಾಡಿಕೊಳ್ಳುತ್ತಾರೆ. ಒಂಬತ್ತು ಅಡಿಗಿಂತ ಕಡಿಮೆ ಆಳದಲ್ಲಿ ತಲೆಕೆಳಗಾಗಿ ಧುಮುಕುವಂತಿಲ್ಲ; ಕತ್ತಿನ ಮೂಳೆ ಮುರಿದು ಜೀವನಪರ್ಯಂತ ಕೈಕಾಲು ಸ್ವಾಧೀನ ತಪ್ಪಬಹುದು. ಮನೆಯ ಕೊಳಗಳಲ್ಲಿ ಬಹಳಷ್ಟು ಅಷ್ಟು ಆಳವಿರುವುದಿಲ್ಲ, ಹಾಗಾಗಿ ಕಾಲು ಮುಂದಾಗಿ ಇಳಿಯುವುದೇ ಸರಿ. ನೀರೊಳಗೆ ಉಸಿರು ಕಟ್ಟುವ ಪಂದ್ಯ ಬೇಡ. ಪಂದ್ಯಕ್ಕೆ ಮುನ್ನ ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಸೂಚನೆ ಬರುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪುತ್ತದೆ, ಒಳ್ಳೆಯ ಈಜುಗಾರರೂ ಹೀಗೆಯೇ ಸತ್ತಿದ್ದಾರೆ. ಒಬ್ಬರ ಹೆಗಲೇರಿ ಇನ್ನೊಬ್ಬರು ಕಾದಾಡುವ ಆಟದಲ್ಲಿ ತಲೆ ಅಂಚಿಗೆ ಬಡಿಯುತ್ತದೆ. ಮದ್ಯಕ್ಕೆ ಅವಕಾಶವೇ ಇಲ್ಲ. ಇವುಗಳ ಬದಲಿಗೆ ವಾಟರ್ ವಾಲಿಬಾಲ್, ರಿಲೇ ಓಟದಂತಹ ಈಜು, ತಳದಲ್ಲಿ ಹರಡಿದ ಉಂಗುರಗಳನ್ನು ಆರಿಸಿ ತರುವ ಆಟ ಇವೆಲ್ಲವೂ ಸೊಗಸಾಗಿ ನಡೆಯುತ್ತವೆ.

ಈ ವಯಸ್ಸಿನಲ್ಲಿ ಮೈಯ ಬಗೆಗಿನ ಸಂಕೋಚ ತೀವ್ರವಾಗಿರುತ್ತದೆ; ಅದನ್ನು ಗೌರವಿಸದ ಕೂಟ ಎಷ್ಟೇ ಅದ್ದೂರಿಯಾಗಿದ್ದರೂ ಕೆಲವರ ಪಾಲಿಗೆ ಶಿಕ್ಷೆಯಾಗುತ್ತದೆ. ಮೈಮುಚ್ಚುವ ಈಜುಡುಗೆಗೂ ಅವಕಾಶವಿದೆ ಎಂದು ಆಹ್ವಾನದಲ್ಲೇ ತಿಳಿಸಿ, ಚಿಲಕವಿರುವ ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ಯಾನಿಟರಿ ಪ್ಯಾಡ್‌ಗಳನ್ನು ಇಡಿ, ನೀರಿಗೆ ಇಳಿಯದವರಿಗಾಗಿ ನೆರಳಿನಲ್ಲಿ ಕೇರಂ ಅಥವಾ ಇಸ್ಪೀಟಿನ ವ್ಯವಸ್ಥೆ ಮಾಡಿ. ಯಾರನ್ನೂ ನೀರಿಗೆ ತಳ್ಳಬಾರದು. ಒಪ್ಪಿಗೆಯಿಲ್ಲದೆ ಈಜುಡುಗೆಯಲ್ಲಿರುವವರ ಚಿತ್ರ ತೆಗೆಯಬಾರದು, ಹಂಚಬಾರದು ಎಂಬ ವಿಷಯದಲ್ಲಿ ಸಡಿಲಿಕೆ ಬೇಡ.

ಊಟೋಪಚಾರ ಸರಳವಾಗಿದ್ದರೆ ಸಾಕು. ಗಾಜಿನ ಪಾತ್ರೆ ಕೊಳದ ಬಳಿ ಬರಬಾರದು, ಏಕೆಂದರೆ ಒಡೆದ ಚೂರುಗಳು ನೀರಿನಲ್ಲಿ ಕಾಣುವುದಿಲ್ಲ. ಬೇಗ ಕೆಡುವ ತಿನಿಸು ಎರಡು ಗಂಟೆಗಿಂತ ಹೆಚ್ಚು, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಎಲ್ಲರೂ ಹಚ್ಚಿಕೊಳ್ಳಲಿ. ಹಾಡಿಗೆ ಬ್ಯಾಟರಿಯ ಸ್ಪೀಕರ್ ಇರಲಿ. ಕರೆಂಟಿನ ತಂತಿ ಕೊಳದತ್ತ ಸುಳಿಯದಿರಲಿ.

ಗುಡುಗು ಕೇಳಿಸಿದೊಡನೆ ಎಲ್ಲರೂ ಮೇಲೆ ಬಂದು ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಮತ್ತೆ ಇಳಿಯಬಾರದು. ಕತ್ತಲಾದ ಮೇಲೆ ನೀರಿನೊಳಗಿನ ದೀಪಗಳಿಂದ ತಳ ಕಾಣುವಂತಿದ್ದರೆ ಮಾತ್ರ ಈಜು ಮುಂದುವರಿಯಲಿ. ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಎಲ್ಲರನ್ನೂ ಮೇಲೆ ಕರೆದು ತಲೆ ಎಣಿಸಿ. ಮಕ್ಕಳು ಹೊರಟ ಮೇಲೆ ಚೆಂಡು, ಟ್ಯೂಬುಗಳನ್ನೆಲ್ಲ ನೀರಿನಿಂದ ತೆಗೆದಿಟ್ಟು ಬೇಲಿಯ ಬಾಗಿಲಿಗೆ ಬೀಗ ಹಾಕಿ. ತೇಲುವ ಆಟಿಕೆಯ ಆಸೆಗೆ ಪುಟ್ಟ ಮಕ್ಕಳು ನೀರಿನ ಬಳಿ ಬರುತ್ತಾರೆ.