ನಂಬದ ಸರ್ವರ್‌ನಲ್ಲಿ ಇಟ್ಟ ಡೇಟಾ: ಕ್ವಾಂಟಮ್ ಬೆರಳಚ್ಚಿನಿಂದ ಪರೀಕ್ಷೆ

ಬ್ಯಾಕಪ್ ನೋಡಿಕೊಳ್ಳುವುದು ನನ್ನ ಕೆಲಸ. ಫೈಲ್ ಸರಿಯಾಗಿದೆಯಾ ಅಂತ ಸರ್ವರನ್ನೇ ಕೇಳಿದರೆ ಅದು ‘ಇದೆ’ ಅಂತಲೇ ಹೇಳುತ್ತದೆ. ಫೈಲ್ ಅಳಿಸಿ ಹ್ಯಾಶ್ (ಫೈಲ್‌ನಿಂದ ಲೆಕ್ಕಹಾಕಿದ ಚಿಕ್ಕ ಗುರುತು) ಮಾತ್ರ ಇಟ್ಟುಕೊಂಡಿದ್ದರೂ ಅದನ್ನೇ ಒಪ್ಪಿಸಬಹುದು, ಅಲ್ವಾ?

2001ರಲ್ಲಿ ಹ್ಯಾರಿ ಬುರ್ಮನ್ ಮತ್ತು ಜೊತೆಗಾರರು ಕ್ವಾಂಟಮ್ ಬೆರಳಚ್ಚಿನ ದಾರಿ ತೋರಿಸಿದರು: ದೊಡ್ಡ ಡೇಟಾದ ಗುರುತನ್ನು ಕೆಲವೇ ಕ್ಯುಬಿಟ್‌ಗಳಲ್ಲಿ (ಕ್ವಾಂಟಮ್ ಬಿಟ್‌ಗಳಲ್ಲಿ) ಇಟ್ಟು, ಎರಡು ಡೇಟಾ ಒಂದೇನಾ ಅಂತ ಹೋಲಿಸುವುದು. ಒಂದು ಟೆರಾಬೈಟ್ ಅಂದರೆ 8 ಲಕ್ಷ ಕೋಟಿ ಬಿಟ್. ಅದರ ಬೆರಳಚ್ಚಿಗೆ 50ರ ಆಸುಪಾಸು ಕ್ಯುಬಿಟ್ ಸಾಕು. ಆದರೆ ಅದನ್ನು ತಯಾರಿಸಲು ಅಷ್ಟೂ ಬಿಟ್ ಓದಲೇಬೇಕು. ಜಾಸ್ತಿ ಹೊತ್ತು ಹಿಡಿಯುವುದು ಅದೇ.

ಹೋಲಿಸುವ ಭಾಗವನ್ನಷ್ಟೇ ಚಿಕ್ಕದಾಗಿ ಮಾಡಿ ನೋಡಿ. ಇಲ್ಲಿ ಕುಗ್ಗಿಸುವುದಿಲ್ಲ, ಒಂದು ಬಿಟ್‌ಗೆ ಒಂದು ಕ್ಯುಬಿಟ್. ಪೈಥಾನ್‌ನಲ್ಲಿ ಕಿಸ್ಕಿಟ್ (ಕ್ವಾಂಟಮ್ ಸರ್ಕ್ಯೂಟ್ ಬರೆಯುವ ಲೈಬ್ರರಿ) ಮತ್ತು ಅದರ ಏರ್ ಸಿಮ್ಯುಲೇಟರ್ ಹಾಕಿಕೊಳ್ಳಿ. 7 ಕ್ಯುಬಿಟ್ ಬೇಕು. 0ನೆಯದು ತೀರ್ಪುಗಾರ, 1ರಿಂದ 3 ನಿಮ್ಮವು, 4ರಿಂದ 6 ಸರ್ವರ್‌ನವು. ನಿಮ್ಮ ಡೇಟಾ 101 ಆದರೆ 1 ಮತ್ತು 3ರ ಮೇಲೆ ಎಕ್ಸ್ ಗೇಟ್ (0 ಅನ್ನು 1 ಮಾಡುವುದು), ಆಮೇಲೆ ಮೂರಕ್ಕೂ ಹಾಡಮಾರ್ಡ್ (0 ಮತ್ತು 1 ಬೆರೆತ ಸ್ಥಿತಿಗೆ ತರುವ ಗೇಟ್). ಸರ್ವರ್ ಕಡೆಯೂ ಅದರ ಡೇಟಾಗೆ ಹೀಗೇ. ಈಗ 0ಗೆ ಹಾಡಮಾರ್ಡ್ ಹಾಕಿ. 0 ನಿಯಂತ್ರಿಸುವ ಸಿಸ್ವಾಪ್ ಗೇಟಿನಿಂದ 1–4, 2–5, 3–6 ಅದಲುಬದಲು ಮಾಡಿ. 0ಗೆ ಮತ್ತೊಂದು ಹಾಡಮಾರ್ಡ್, ನಂತರ 0 ಒಂದನ್ನೇ ಅಳೆಯಿರಿ.

1000 ಸಲ ಓಡಿಸಿ. ಡೇಟಾ ಒಂದೇ ಇದ್ದರೆ ಪ್ರತಿ ಸಲವೂ 0. ಒಂದು ಬಿಟ್ ಬೇರೆಯಾದರೂ ಸುಮಾರು ಅರ್ಧ ಸಲ 1. ಒಂದೇ ಒಂದು 1 ಕಂಡರೂ ಕಳ್ಳ ಸಿಕ್ಕಿಬಿದ್ದ. 0 ಬಂದರೆ ಆಗಲೇ ಖುಷಿಪಡಬೇಡಿ, ಬೇರೆ ಡೇಟಾಗೂ ಅರ್ಧ ಸಲ 0 ಬರುತ್ತದೆ. ಸತತ 20 ಸಲ 0 ಬಂದರೆ ಮಾತ್ರ, ತಪ್ಪು ಡೇಟಾ ನುಸುಳುವ ಸಾಧ್ಯತೆ 10 ಲಕ್ಷಕ್ಕೆ ಒಂದರಷ್ಟು. ಪ್ರತಿ ಸಲಕ್ಕೂ ಹೊಸ ಬೆರಳಚ್ಚು ಬೇಕು. ಅಳತೆ ನಿಮ್ಮ ಕೈಯಲ್ಲೇ ಇರಲಿ. ಅದನ್ನೂ ಸರ್ವರ್‌ಗೆ ಬಿಟ್ಟರೆ ಮತ್ತೆ ಅದೇ ‘ಇದೆ’!

ನಿಜವಾದ ಕ್ವಾಂಟಮ್ ಯಂತ್ರದಲ್ಲಿ ಗದ್ದಲ (ಉತ್ತರ ಕೆಡಿಸುವ ಅಡಚಣೆ) ಇರುತ್ತದೆ. ಸುಮ್ನೆ 1 ಕಂಡ ಕೂಡಲೇ ಗಾಬರಿಯಾಗಬೇಡಿ. ಮೊದಲು ಎರಡೂ ಕಡೆ ಒಂದೇ ಡೇಟಾ ಕೊಟ್ಟು, ಎಷ್ಟು 1 ಬರುತ್ತವೆ ಅಂತ ಬರೆದಿಟ್ಟುಕೊಳ್ಳಿ. ಆಮೇಲಿನ ಹೋಲಿಕೆ ಅದರ ಜೊತೆ.

ಸರ್ವರ್‌ನಿಂದ ನಿಮ್ಮವರೆಗೆ ಕ್ಯುಬಿಟ್ ತರುವ ಜಾಲ ಇನ್ನೂ ಎಲ್ಲರ ಕೈಗೆ ಬಂದಿಲ್ಲ. ಹಾಗಾಗಿ ಇವತ್ತಿನ ಡೇಟಾಗೆ ನಾನು ಮರ್ಕಲ್ ಟ್ರೀಯನ್ನೇ ನಂಬುವುದು: ಫೈಲನ್ನು ಬ್ಲಾಕ್‌ಗಳಾಗಿ ತುಂಡರಿಸಿ, ಅವುಗಳ ಹ್ಯಾಶ್‌ಗಳನ್ನು ಜೋಡಿ ಜೋಡಿಯಾಗಿ ಮತ್ತೆ ಹ್ಯಾಶ್ ಮಾಡುತ್ತಾ ಒಂದೇ ಹ್ಯಾಶ್‌ಗೆ, ಅಂದರೆ ಬೇರಿಗೆ, ತರುವ ಮರ. ಎಸ್‌ಎಚ್‌ಎ-256 ಹ್ಯಾಶ್ ವಿಧಾನದ 32 ಬೈಟಿನ ಬೇರು ನಿಮ್ಮಲ್ಲಿರಲಿ. ಮನಸ್ಸಿಗೆ ಬಂದ 460 ಬ್ಲಾಕ್‌ಗಳನ್ನಲ್ಲ, ರ‍್ಯಾಂಡಮ್ ಆಗಿ ಆರಿಸಿದ 460 ಬ್ಲಾಕ್‌ಗಳನ್ನು ಕೇಳಿ, ಅವುಗಳ ದಾರಿಯನ್ನು ಬೇರಿನವರೆಗೆ ತಾಳೆ ನೋಡಿ. ನೂರಕ್ಕೊಂದು ಬ್ಲಾಕ್ ಹಾಳಾಗಿದ್ದರೂ 99% ಸಿಕ್ಕಿಬೀಳುತ್ತದೆ. ಕ್ವಾಂಟಮ್ ಯಂತ್ರದಲ್ಲಿ ಹುಡುಕಾಟ ಚುರುಕಾಗಿಸುವ ಗ್ರೋವರ್ ಅಲ್ಗಾರಿದಮ್ ಬಂದರೂ ಈ ಹ್ಯಾಶ್ ಗಟ್ಟಿ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಟ್ಯಾಗ್ (ಬ್ಲಾಕ್‌ಗೆ ಅಂಟಿಸುವ ಗುರುತು) ಬಳಸುವ ಪದ್ಧತಿ ಮಾತ್ರ ಬೇಡ. ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಶೋರ್ ಅಲ್ಗಾರಿದಮ್ ಅದನ್ನು ಮುರಿಯುತ್ತದೆ.