ಡಿಸೆಂಬರ್ ರಜೆಯಲ್ಲಿ ಇಮ್ಯಾಜಿಕಾ: ಎಕ್ಸ್‌ಪ್ರೆಸ್ ಟಿಕೆಟ್ ಯಾರಿಗೆ ಬೇಕು?

ಕ್ರಿಸ್‌ಮಸ್ ವಾರದಲ್ಲಿ ಮಕ್ಕಳನ್ನು ಕರೆದುಕೊಂಡು ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಥೀಮ್ ಪಾರ್ಕಿಗೆ ಹೊರಟಿರುವವರಿಗೆ ಒಂದು ಮಾತು. ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಟಿಕೆಟನ್ನು ಮನೆಮಂದಿಗೆಲ್ಲ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಅದರ ಹಣ ತಲೆಗೆ ಇಷ್ಟು ಅಂತ ಬೀಳುತ್ತದೆ.

ಮೊದಲು ಮನೆಯಲ್ಲೇ ಮಕ್ಕಳ ಎತ್ತರ ಅಳೆದು, ಪಾರ್ಕಿನ ವೆಬ್‌ಸೈಟಿನಲ್ಲಿರುವ ನಿಯಮದ ಜೊತೆ ಹೋಲಿಸಿ ನೋಡಿ. ನೈಟ್ರೋದಂಥ ದೊಡ್ಡ ರೋಲರ್ ಕೋಸ್ಟರಿಗೆ ಎತ್ತರದ ಮಿತಿ ಇದೆ. ಪುಟ್ಟ ಮಕ್ಕಳನ್ನು ಹತ್ತಿಸುವುದೇ ಇಲ್ಲ. ಬೆನ್ನುನೋವು ಇರುವವರು, ಬಸುರಿಯರೂ ಅದನ್ನು ಹತ್ತುವಂತಿಲ್ಲ, ಅಜ್ಜಿ-ತಾತಂದಿರೂ ಹತ್ತದಿರುವುದೇ ಒಳ್ಳೆಯದು. ಇವರಿಗೆಲ್ಲ ಸಾದಾ ಟಿಕೆಟ್ ಧಾರಾಳವಾಯಿತು. ನೈಟ್ರೋ, ಡೀಪ್ ಸ್ಪೇಸ್‌ನಂಥ ರೈಡೇ ಬೇಕು ಅಂತ ಹಟ ಹಿಡಿದಿರುವ ಕಾಲೇಜು ಹುಡುಗರಿಗೆ ಮಾತ್ರ, ಅದೂ ರಜೆಯ ದಿನವಾದರೆ, ಎಕ್ಸ್‌ಪ್ರೆಸ್ ಕೊಡಿಸಿ. ಅವರ ಟಿಕೆಟಿಗೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಯಾವ ಯಾವ ರೈಡಿಗೆ ಅನ್ವಯ, ಒಂದೇ ಸಲವೋ ಎಷ್ಟು ಸಲವಾದರೂ ಹೋಗಬಹುದೋ ಎಂಬುದನ್ನು ಹಣ ಕಟ್ಟುವ ಮುಂಚೆಯೇ ಓದಿಕೊಳ್ಳಿ.

ಇಮ್ಯಾಜಿಕಾದ ವಾಟರ್ ಪಾರ್ಕಿಗೆ ಟಿಕೆಟ್ ಬೇರೆ. ಎರಡನ್ನೂ ಒಂದೇ ದಿನಕ್ಕೆ ತುರುಕುವುದು ನನಗಂತೂ ಸರಿ ಕಾಣುವುದಿಲ್ಲ, ಮಕ್ಕಳು ಸುಸ್ತಾಗಿಬಿಡುತ್ತಾರೆ.

ಪುಣೆಯವರು ಖಂಡಾಲಾ ಘಾಟಿನ ಟ್ರಾಫಿಕ್ ಲೆಕ್ಕ ಹಾಕಿ ನಸುಕಿನಲ್ಲೇ ಹೊರಡಿ. ಗೇಟು ತೆರೆಯುವ ಹೊತ್ತಿಗೆ ಅಲ್ಲಿದ್ದು ನೇರ ನೈಟ್ರೋ ಕಡೆ ನಡೆದರೆ, ಎಷ್ಟೋ ಜನರಿಗೆ ಎಕ್ಸ್‌ಪ್ರೆಸ್ ಬೇಕಾಗುವುದೇ ಇಲ್ಲ. ಸಿನಿಮಾ ಥರದ ಶೋಗಳಲ್ಲಿ ಒಂದೇ ಸಲಕ್ಕೆ ತುಂಬಾ ಜನ ಕೂರುತ್ತಾರೆ, ಅವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ.